ಪಪುವಾದ ಹೊಸ ಪ್ರಾಂತ್ಯಗಳು: ಸುದ್ದಿಯಲ್ಲಿ ಯಾರ ದನಿ?

ಕೇಳುಗರೆಲ್ಲರಿಗೂ ನಮಸ್ಕಾರ.

2022ರ ಜೂನ್ 30ರಂದು ಇಂಡೊನೇಷ್ಯಾದ ಸಂಸತ್ತು ದೇಶದ ಪೂರ್ವ ತುದಿಯಲ್ಲಿರುವ ಪಪುವಾ ಪ್ರಾಂತ್ಯವನ್ನು ಒಡೆದು ಹೊಸದಾಗಿ ಮೂರು ಪ್ರಾಂತ್ಯ ಮಾಡಿತು. ನವೆಂಬರ್‌ನಲ್ಲಿ ಪಕ್ಕದ ಪಶ್ಚಿಮ ಪಪುವಾ ಪ್ರಾಂತ್ಯವನ್ನೂ ಒಡೆಯಿತು. ಎರಡಿದ್ದದ್ದು ಆರಾಯಿತು. ಜಕಾರ್ತಾದಿಂದ ಬಂದ ಸುದ್ದಿಯಲ್ಲಿ ಸರ್ಕಾರದ ಮಾತೇ ಮುಂದೆ: ಆಡಳಿತ ಜನರ ಹತ್ತಿರ ಬರುತ್ತದೆ, ಅಭಿವೃದ್ಧಿ ಆಗುತ್ತದೆ.

ಅದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ದಕ್ಷಿಣದ ಮೆರೌಕೆ ಕಡೆಯವರು ಪ್ರತ್ಯೇಕ ಪ್ರಾಂತ್ಯ ಬೇಕೆಂದು ವರ್ಷಗಟ್ಟಲೆ ಕೇಳಿದ್ದರು. ಆಗ ಅವರ ಪ್ರಾಂತ್ಯದ ರಾಜಧಾನಿಯಾಗಿದ್ದ ಜಯಪುರ ಇರುವುದು ಉತ್ತರದ ಕಡಲಂಚಿನಲ್ಲಿ. ನಡುವೆ ಬೆಟ್ಟಸಾಲು, ಕಾಡು, ಜೌಗು. ಕಚೇರಿ ಕೆಲಸಕ್ಕೆ ವಿಮಾನವನ್ನೋ ಹಡಗನ್ನೋ ಹತ್ತಬೇಕಿತ್ತು.

ಬೆಟ್ಟದ ಕಡೆ ಬೇರೆಯದೇ ಚಿಂತೆ. ಹೊಸ ಪ್ರಾಂತ್ಯ ಅಂದರೆ ಇನ್ನಷ್ಟು ಪೊಲೀಸರು, ಸೈನಿಕರು, ಹೊರಗಿನಿಂದ ಬಂದು ನೆಲೆಸುವವರು. ನಮ್ಮ ನೆಲ ನಮಗೆ ಉಳಿಯುತ್ತದೆಯೇ ಎಂಬ ಭಯ. 2022ರ ಮಾರ್ಚ್‌ನಲ್ಲಿ ಯಾಹುಕಿಮೊ ಜಿಲ್ಲೆಯ ಡೆಕಾಯಿಯಲ್ಲಿ ಜನ ಇದನ್ನು ವಿರೋಧಿಸಿ ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಇಬ್ಬರು ಸತ್ತರು.

2001ರ ವಿಶೇಷ ಸ್ವಾಯತ್ತತೆ ಕಾನೂನಿನ ಪ್ರಕಾರ, ಪ್ರಾಂತ್ಯ ಒಡೆಯಲು ಮೂಲನಿವಾಸಿಗಳ 'ಪಪುವಾ ಜನಸಭೆ'ಯ ಒಪ್ಪಿಗೆ ಬೇಕಿತ್ತು. 2021ರ ತಿದ್ದುಪಡಿ ಬಂದ ಮೇಲೆ, ಆ ಒಪ್ಪಿಗೆ ಇಲ್ಲದೆಯೂ ಕೇಂದ್ರವೇ ಒಡೆಯಬಹುದು ಎಂದಾಯಿತು. ಜನಸಭೆ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿತು. ತೀರ್ಪಿಗೂ ಕಾಯದೆ ಸಂಸತ್ತು ಕೆಲಸ ಮುಗಿಸಿತು. ನನ್ನ ಕೇಳಿದರೆ ಮುಖಪುಟಕ್ಕೆ ಬರಬೇಕಾದ ಸುದ್ದಿ ಇದೇ. 1969ರಲ್ಲಿ ಇಂಡೊನೇಷ್ಯಾದ ಜೊತೆ ಇರುತ್ತೀರಾ ಎಂದು ಅಲ್ಲಿ ಕೇಳಿದ್ದು ಆಯ್ದು ತಂದ ಸಾವಿರ ಚಿಲ್ಲರೆ ಜನರನ್ನು ಮಾತ್ರ. ಅಂಥ ನೆಲದಲ್ಲಿ ಮತ್ತೆ ಜನರನ್ನು ಬಿಟ್ಟು ತೀರ್ಮಾನ ಮಾಡಿದರೆ ಅದು ಸಣ್ಣ ವಿಷಯವಾ?

ಪರ ಎಷ್ಟು ಸುದ್ದಿ, ವಿರೋಧ ಎಷ್ಟು ಸುದ್ದಿ ಎಂದು ಎಣಿಸಿ ಮಾಧ್ಯಮದ ಒಲವು ಹೇಳುವವರಿದ್ದಾರೆ. ಹೊರಗೆ ಬಾರದೆ ಹೋದ ಸುದ್ದಿಯನ್ನು ಅವರು ಹೇಗೆ ಎಣಿಸುತ್ತಾರೆ? ವಿದೇಶಿ ಪತ್ರಕರ್ತರು ಪಪುವಾಗೆ ಮುಕ್ತವಾಗಿ ಹೋಗಬಹುದು ಎಂದು ಆಗಿನ ಅಧ್ಯಕ್ಷ ಜೋಕೊ ವಿಡೊಡೊ 2015ರಲ್ಲೇ ಹೇಳಿದ್ದರು. ಆಮೇಲೂ ಅನುಮತಿ ಸಿಗುವುದು ಕಷ್ಟವೇ ಆಯಿತು. 2019ರಲ್ಲಿ ಅಲ್ಲಿ ಇಂಟರ್ನೆಟ್ಟನ್ನೇ ನಿಲ್ಲಿಸಿದರು. ಅದು ಕಾನೂನಿಗೆ ವಿರುದ್ಧ ಎಂದು ಜಕಾರ್ತಾದ ನ್ಯಾಯಾಲಯ ಮರುವರ್ಷ ತೀರ್ಪು ಕೊಟ್ಟಿತು.

ಹಾಗಾಗಿ ಭಾರವೆಲ್ಲ ಸ್ಥಳೀಯ ಪತ್ರಕರ್ತರ ಹೆಗಲಿಗೆ. ಜಯಪುರದ 'ಜುಬಿ' ಅಂಥದ್ದೊಂದು ಸುದ್ದಿಸಂಸ್ಥೆ. 2024ರ ಅಕ್ಟೋಬರ್‌ನಲ್ಲಿ ಅದರ ಕಚೇರಿಗೆ ಪೆಟ್ರೋಲ್ ಬಾಂಬ್ ಎಸೆದರು, ಅಂಗಳದಲ್ಲಿದ್ದ ಕಾರುಗಳಿಗೆ ಬೆಂಕಿ ಹತ್ತಿತು. ಜುಬಿ ಸುದ್ದಿ ಕೊಡುವುದನ್ನು ನಿಲ್ಲಿಸಲಿಲ್ಲ.