ಎರಡು ನಗರಗಳ ನಡುವೆ ಕಿತ್ತೂರಿನ ಬದುಕು

ಎಲ್ಲರಿಗೂ ಶರಣು ಶರಣಾರ್ಥಿ.

ಕಿತ್ತೂರು ಅಂದ ಕೂಡಲೇ ಕೋಟೆಯ ಮಾತು ಬರುತ್ತದೆ. ಬರಲೇಬೇಕು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಯನ್ನು ಸೋಲಿಸಿದ ನೆಲ ಇದು. ಆದರೆ ಇವತ್ತು ನಾನು ಮಾತಾಡುವುದು ಕೋಟೆಯ ಆಚೆಗೆ ಬೆಳೆಯುತ್ತಿರುವ ಊರಿನ ಬಗ್ಗೆ. ಇಲ್ಲಿ ಮನೆ ಮಾಡಬೇಕು ಅಂತ ಜನಕ್ಕೆ ಯಾಕೆ ಅನಿಸುತ್ತದೆ?

ಜಾಗ ಅಗ್ಗ ಅನ್ನುತ್ತಾರೆ. ನಿಜ, ಆದರೆ ಅದೊಂದೇ ಕಾರಣ ಅಲ್ಲ. ಬೆಳಗಾವಿ ಸುಮಾರು 50 ಕಿಲೋಮೀಟರ್, ಧಾರವಾಡ ಸುಮಾರು 30. ಎರಡಕ್ಕೂ ಒಂದೇ ಹೆದ್ದಾರಿ. ಗಂಡನಿಗೆ ಬೆಳಗಾವಿಯಲ್ಲಿ ಕೆಲಸ, ಹೆಂಡತಿಗೆ ಧಾರವಾಡದ ಶಾಲೆಯಲ್ಲಿ ನೌಕರಿ ಅಂದುಕೊಳ್ಳಿ. ಯಾವ ಊರಲ್ಲಿ ಮನೆ ಮಾಡಿದರೂ ಒಬ್ಬರು ದಿನಾ ಒದ್ದಾಡಬೇಕು. ಕಿತ್ತೂರಲ್ಲಿದ್ದರೆ ದಾರಿ ಇಬ್ಬರಿಗೂ ಹಂಚಿಹೋಗುತ್ತದೆ. ಹೈಕೋರ್ಟ್ ಪೀಠ, ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡದ ಕಡೆ. ಬೆಳಗಾವಿಯ ಕಡೆ ಸುವರ್ಣ ವಿಧಾನಸೌಧ. ಅದಂತೂ ಬೆಳಗಾವಿಯೊಳಗೆ ಹೋಗುವ ಮೊದಲೇ ಸಿಗುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಹಿಡಿಸುವುದು ಈ ಊರಿನ ನೆಲ. ಪಡುವಲಕ್ಕೆ ಹೋದರೆ ಖಾನಾಪುರದ ಕಾಡು, ಭತ್ತದ ಗದ್ದೆ. ಮೂಡಲಕ್ಕೆ ಬೈಲಹೊಂಗಲದ ಕಪ್ಪು ಮಣ್ಣಿನ ಎರೆಹೊಲ, ಜೋಳ, ಹತ್ತಿ. ನಾವು ನಡುವೆ ಕೂತಿದ್ದೇವೆ. ಸಂತೆಯ ಕಾಯಿಪಲ್ಲೆ ಹೊಲದಿಂದ ಬಂದು ಬಹಳ ಹೊತ್ತಾಗಿರುವುದಿಲ್ಲ. ಮನೆಯ ಹಿರಿಯರಿಗೆ ಆರಾಮ ಇಲ್ಲದಿದ್ದರೆ ಬಾಜೂ ಮನೆಯ ಕಾಕಾ ತಾವೇ ಗಾಡಿ ತೆಗೆಯುತ್ತಾರೆ. ಹೆಣ್ಣುಮಕ್ಕಳ ಸೈನಿಕ ಶಾಲೆ 1969ರಿಂದ ಇಲ್ಲಿದೆ. ದೂರದ ಜಿಲ್ಲೆಗಳ ತಂದೆತಾಯಿ ಮಗಳನ್ನು ನಂಬಿ ಕಳಿಸುವ ಊರು ಇದು. ಈ ಮಾತು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ಈಗ ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಊರು ಬೆಳೆಯುತ್ತದೆ ಅಂದ ಕೂಡಲೇ ಹೊಲವನ್ನು ಗುಂಟೆ ಲೆಕ್ಕದಲ್ಲಿ ಕತ್ತರಿಸಿ, ಬರೀ ಬಾಂಡ್ ಕಾಗದದ ಮೇಲೆ ಬರೆದುಕೊಟ್ಟು ಮಾರುವವರು ಬರುತ್ತಾರೆ. ಜಾಗ ಎನ್‌ಎ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಆಗಿರುವುದಿಲ್ಲ. ಲೇಔಟಿಗೆ ಮಂಜೂರಾತಿ ಇರುವುದಿಲ್ಲ. ಹೀಗೆ ಕೊಂಡರೆ ನಿಮ್ಮ ಹೆಸರಿಗೆ ಉತಾರ, ಅಂದರೆ ಜಾಗದ ಹಕ್ಕಿನ ದಾಖಲೆ, ಆಗುವುದಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ, ಗಟಾರ ಕಟ್ಟಿಸುವವರೂ ಇರುವುದಿಲ್ಲ. ದಯವಿಟ್ಟು ಉತಾರ ನೋಡದೆ ಮುಂಗಡ ಕೊಡಬೇಡಿ. ಜಾಗವನ್ನು ಮಳೆಗಾಲದಲ್ಲೊಮ್ಮೆ ನೋಡಿ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಪಾಯ ಸರಿ ಇಲ್ಲದಿದ್ದರೆ ಗೋಡೆಯೂ ಬಿರುಕು ಬಿಡುತ್ತದೆ. ಪಾಯದಲ್ಲಿ ಉಳಿಸಿದ ದುಡ್ಡು ಆಮೇಲೆ ರಿಪೇರಿಗೇ ಹೋಗುತ್ತದೆ.

ಹೊಸದಾಗಿ ಬಂದವರಿಗೆ ನನ್ನದೊಂದು ವಿನಂತಿ. ಮಲಗಲಿಕ್ಕೆ ಮಾತ್ರ ಇಲ್ಲಿಗೆ ಬರಬೇಡಿ. ಕಿರಾಣಿ ಇಲ್ಲೇ ಕೊಳ್ಳಿ. ಮಕ್ಕಳನ್ನು ಆದಷ್ಟು ಇಲ್ಲಿನ ಶಾಲೆಗೇ ಸೇರಿಸಿ, ಆ ಶಾಲೆ ಸುಧಾರಿಸಲು ಕೇಳಿ, ಜಗಳ ಬೇಕಾದರೂ ಮಾಡಿ. ವಾರ್ಡಿನ ಸದಸ್ಯರಿಗೆ ನಿಮ್ಮ ಮುಖ ಗೊತ್ತಿರಲಿ. ಹಬ್ಬದ ಪಟ್ಟಿ, ಅಂದರೆ ವಂತಿಗೆ, ಕೇಳಲು ಬಂದ ಹುಡುಗರನ್ನು ಒಳಗೆ ಕರೆದು ಚಹಾ ಕೊಡಿ. ಹಳೆಯ ಊರಿನವರೂ ಇವರನ್ನು ಸುಮ್ನೆ ‘ಹೊರಗಿನವರು’ ಅನ್ನುವುದನ್ನು ಬಿಡಬೇಕು.

ಕೊನೆಗೆ ರೈಲಿನ ಮಾತು. ಬೆಳಗಾವಿಯಿಂದ ಧಾರವಾಡಕ್ಕೆ ರೈಲು ಹೋಗುವುದು ಖಾನಾಪುರ, ಲೋಂಡಾ ಸುತ್ತಿಕೊಂಡು. ಕಿತ್ತೂರಿನ ಮೇಲೆ ಹಾಯುವ ನೇರ ಮಾರ್ಗದ ಯೋಜನೆ ಸುಮಾರು 73 ಕಿಲೋಮೀಟರಿನದು. ಅದು ಆದರೆ ಊರಿಗೆ ಇನ್ನಷ್ಟು ಜನ ಬರುತ್ತಾರೆ. ಸಂತೋಷ. ಆದರೆ ಈ ದಾರಿಗೆ ಭೂಮಿ ಕೊಡುವವರು ನಮ್ಮದೇ ರೈತರು. ಅವರ ಫಲವತ್ತಾದ ಹೊಲಕ್ಕೆ ಸರಿಯಾದ ಬೆಲೆ ಸಿಗಬೇಕು, ಅದೂ ಅಲೆದಾಡಿಸದೆ ಸಿಗಬೇಕು. ಸ್ಟೇಷನ್ನಿನಿಂದ ಪೇಟೆಗೆ, ಸುತ್ತಲಿನ ಹಳ್ಳಿಗಳಿಗೆ ಬಸ್ಸು ಬೇಕು ಅಂತ ಈಗಲೇ ಬರೆದುಕೊಡೋಣ. ಅರ್ಜಿಯ ಕರಡು ತಂದಿದ್ದೇನೆ. ಒಪ್ಪಿಗೆ ಇದ್ದವರು ಓದಿ ಸಹಿ ಮಾಡಿ.