ಒಬ್ಬನೇ ಗಿರಾಕಿನ ನಂಬಿದ ಎರಡು ದೇಶ

ನಮಸ್ಕಾರ್ರೀ. ಇವತ್ತು ಪೈನ್ ಕಟ್ಟಿಗಿ ಬಗ್ಗೆ ಮಾತಾಡೂಣು. ಬೆಳಗಾವಿಗೂ ಪೈನ್‌ಗೂ ಏನ್ ಸಂಬಂಧ ಅಂತೀರಿ? ಉದ್ಯಮಬಾಗದ ಫೌಂಡ್ರಿಗಳ ಮುಂದ ಲಾರಿ ತುಂಬೂದು ನೋಡ್ರಿ. ಹೊರದೇಶಕ್ಕ ಹೊಂಟ ಕಾಸ್ಟಿಂಗ್‌ನ ಕಟ್ಟಿಗಿ ಪೆಟ್ಟಿಗಿ ಮ್ಯಾಲ ಗೋಧಿ ತೆನಿ ಚಿತ್ರದ್ದೊಂದು ಸಿಕ್ಕಾ ಇರತೈತಿ, ಬಾಜೂಕ ‘ಎಚ್‌ಟಿ’. ಕಟ್ಟಿಗಿ ತಿರುಳಿಗೆ 56 ಡಿಗ್ರಿ ಕಾವು 30 ನಿಮಿಷ ಮುಟ್ಟೇತಿ, ಹುಳ ಸತ್ತಾವು ಅಂತ ಅರ್ಥ. ಅದಿಲ್ಲಂದ್ರ ಮಾಲು ಪರದೇಶದ ಬಂದರದಾಗ ತಡೀತಾರ. ಇಂಥ ಪೆಟ್ಟಿಗಿಗೆ ಬೇಕಾಗೂ ಪೈನ್ ನಮ್ಮ ದೇಶಕ್ಕ ಹಡಗಿನ್ಯಾಗ, ಹೆಚ್ಚಾಗಿ ಗುಜರಾತಿನ ಕಾಂಡ್ಲಾಕ್ಕ ಬಂದು ಇಳೀತೈತಿ.

ಈ ಕಟ್ಟಿಗಿ ಮಾರೂದ್ರಾಗ ಎರಡು ದೊಡ್ಡ ದೇಶ ತಗೋರಿ, ಕೆನಡಾ ಮತ್ತ ನ್ಯೂಜಿಲೆಂಡ್.

ಕೆನಡಾದಾಗ ಕಾಡು ಬಹುತೇಕ ಸರಕಾರದ್ದು. ಗಿಡ ಕಡ್ಯಾಕ ಎಷ್ಟು ರೊಕ್ಕ ಕಟ್ಟಬೇಕು ಅಂತ ಅಲ್ಲಿಯ ಪ್ರಾಂತ್ಯ ಸರಕಾರಗಳು ಠರಾಯಿಸ್ತಾವ. ಬಾಜೂಕಿನ ಅಮೆರಿಕಾದಾಗ ಕಡಿಯೂ ಕಾಡು ಹೆಚ್ಚಾಗಿ ಖಾಸಗಿ. “ನೀವು ಅಗ್ಗಕ್ಕ ಗಿಡ ಕೊಟ್ಟು ನಮ್ಮ ಸಾಮಿಲ್ ಮುಳಗಸಾಕತ್ತೀರಿ” ಅಂತ ಅಮೆರಿಕಾದವರು 1982ರಾಗ ತಕರಾರು ತಗದ್ರು. 2006ರಾಗ ಒಪ್ಪಂದ ಆತು, 2015ಕ್ಕ ಅದು ಮುಗೀತು. 2025ರ ಆಗಸ್ಟ್‌ನ್ಯಾಗ ಕೆನಡಾದ ಹಲಗಿ ಮ್ಯಾಲ ಅಮೆರಿಕಾ ಹಾಕೂ ಸುಂಕ 35 ಪರ್ಸೆಂಟಿಗೆ ಏರ್ತು, ಅಕ್ಟೋಬರದಾಗ ಅದರ ಮ್ಯಾಲ ಇನ್ನೂ ಹತ್ತು. ಇಷ್ಟಾದರೂ ಕೆನಡಾದ ಹಲಗಿಗೆ ಮುಖ್ಯ ಗಿರಾಕಿ ಅಮೆರಿಕಾನೇ. ನಲವತ್ತು ವರ್ಷದ ಎಚ್ಚರಿಕೆ ಇದ್ದೂ ಬ್ಯಾರೆ ಬಾಗಲಾ ಸಾಕಷ್ಟು ತಗೀಲಿಲ್ಲ ಅನ್ನೂದು ನನಗ ಭಾಳ ಸಂಕಟದ ಮಾತು. ಯಾಕಂದ್ರ ಸುಂಕದ ಪೆಟ್ಟು ಬೀಳೂದು ಒಂದೇ ಸಾಮಿಲ್ ನಂಬಿಕೊಂಡ ಸಣ್ಣ ಊರುಗಳಿಗೆ.

ನ್ಯೂಜಿಲೆಂಡಿನ ಕತಿ ಬ್ಯಾರೆ. ಅಲ್ಲಿಯ ನೆಡುತೋಪಿನ್ಯಾಗ ಹತ್ತರಾಗ ಒಂಬತ್ತು ಪಾಲು ರೇಡಿಯಾಟಾ ಪೈನ್, ಕ್ಯಾಲಿಫೋರ್ನಿಯಾದಿಂದ ಹೋದ ಗಿಡ. ಮೂವತ್ತು ವರ್ಷದ ಒಳಗ ಕಡ್ಯಾಕ ಬರತೈತಿ. ಕಡದದ್ದರಾಗ ಅರ್ಧಕ್ಕಿಂತ ಹೆಚ್ಚು ಕೊಯ್ಯದs ದಿಮ್ಮಿನೇ ಹಡಗು ಏರತೈತಿ, ಅದರಾಗೂ ಬಹುತೇಕ ಚೀನಾಕ್ಕ. ಚೀನಾದ ಕಟ್ಟಡ ಧಂದೆ 2021ರಾಗ ಕುಸದಾಗ ನ್ಯೂಜಿಲೆಂಡಿನ ದಿಮ್ಮಿ ರೇಟು ಬಿತ್ತು.

ಎರಡರಾಗ ಯಾರದು ಹೆಚ್ಚು ಅಪಾಯ ಅಂದ್ರ, ನ್ಯೂಜಿಲೆಂಡಿನದು ಅಂತೀನಿ ನಾನು. ಕೆನಡಾ ಹಲಗಿ ಕೊಯ್ದು ಮಾರತೈತಿ, ಕೊಯ್ಯೂ ಕೆಲಸದ ಪಗಾರ ಊರಾಗ ಉಳೀತೈತಿ. ದಿಮ್ಮಿ ಕಳಿಸಿದವಂಗ ಅದೂ ಇಲ್ಲ.

ನಮ್ಮ ಕಬ್ಬು ಬೆಳೆಗಾರರಿಗೆ ಒಬ್ಬ ಗಿರಾಕಿ ಅಂದ್ರೇನು ಅಂತ ಬಿಡಿಸಿ ಹೇಳೂದು ಬ್ಯಾಡ. ಆದರ ಕಡದ ಕಬ್ಬು ನಾಕು ದಿನದಾಗ ಒಣಗಿ ತೂಕ ಕಳಕೊಂತೈತಿ. ಪೈನ್ ಗಿಡ ಕಡೀದs ಬಿಟ್ರ ಬೆಳಕೋಂತ ನಿಂದರತೈತಿ. ಗಿಡದ ಮಾಲಕ ಕಾಯಬಹುದು. ಕಡಿಯೂ ಆಳು, ದಿಮ್ಮಿ ಹೊರೂ ಲಾರಿ ಡ್ರೈವರ್ ಕಾಯಾಕ ಬರಾಂಗಿಲ್ಲ. ಅವರ ಸಂತಿ ರೊಕ್ಕ ಆ ವಾರನs ನಿಂದರತೈತಿ.

ಇದರಾಗ ನಮ್ಮ ಪಾಲೂ ಐತಿ. ನ್ಯೂಜಿಲೆಂಡಿನ ದಿಮ್ಮಿಗೆ ಹುಳ ಕೊಲ್ಲೂ ಮೀಥೈಲ್ ಬ್ರೋಮೈಡ್ ಗ್ಯಾಸಿನ ಹೊಗಿ ಹಾಕಿರಬೇಕು ಅಂತ ಭಾರತ ಹಟ ಹಿಡೀತು. ಆ ಗ್ಯಾಸು ಓಝೋನ್ ಪದರಕ್ಕ ಕೇಡು ಅಂತ ಅಲ್ಲಿ ಬಿಗಿ ನಿಯಮ ಬಂತು. ನಡುವ ನಮ್ಮ ಕಡಿ ವ್ಯಾಪಾರ ಸೊರಗಿತು. ಹುಳ ಬರಬಾರದು, ಖರೆ. ಆದರ ನಮ್ಮ ಪೆಟ್ಟಿಗಿ ಕಾವು ಕೊಟ್ಟು ಹುಳ ಕೊಂದೀವಿ ಅಂದ್ರ ಜಗತ್ತು ನಂಬತೈತಿ. ದಿಮ್ಮಿಗೂ ಪಕ್ಕಾ ಪರೀಕ್ಷೆ ಆದ ಬ್ಯಾರೆ ಉಪಾಯ ಇದ್ರ ದಿಲ್ಲಿಯವರು ಒಪ್ಪಬೇಕು. ಪೆಟ್ಟಿಗಿ ಖರ್ಚು ಹೊರೂ ಉದ್ಯಮಬಾಗದವರು ಇದನ್ನ ಈಗs ಕೇಳಬೇಕು.