ಎಕೋ ರಿಪೋರ್ಟಿನಲ್ಲಿ ‘ಎಲ್‌ಎ ಡೈಲೇಟೆಡ್’ ಅಂತ ಇದ್ದರೆ ಏನರ್ಥ?

[ದೃಶ್ಯ: ಎಕೋ ರಿಪೋರ್ಟು, ಒಂದು ಸಾಲಿನ ಸುತ್ತ ಕೆಂಪು ಗೆರೆ]

ನಮಸ್ಕಾರ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಅದರ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರೂ ಮೊದಲು ಹುಡುಕುವುದು ಇಎಫ್, ಅಂದರೆ ಹೃದಯ ಪ್ರತಿ ಬಡಿತಕ್ಕೆ ಶೇಕಡಾ ಎಷ್ಟು ರಕ್ತ ಹೊರದೂಡುತ್ತದೆ ಅಂತ. 60 ಇದೆ, ಸದ್ಯ ಬಚಾವ್! ಆಮೇಲೆ ಕಣ್ಣು ಕೆಳಗಿಳಿಯುತ್ತದೆ: ‘ಎಲ್‌ಎ ಮೈಲ್ಡ್‌ಲಿ ಡೈಲೇಟೆಡ್’. ಅಲ್ಲಿಗೆ ಗಾಬರಿ ಶುರು.

ಹೃದಯವೆಲ್ಲಾ ಊದಿಕೊಂಡಿದೆ ಅಂತ ಇದರ ಅರ್ಥ ಅಲ್ಲ. ಇರುವ ನಾಲ್ಕು ಕೋಣೆಗಳಲ್ಲಿ ಮೇಲಿನ ಎಡಗಡೆಯದು ಹಿಗ್ಗಿದೆ. ಎಲ್‌ಎ ಅಂದರೆ ಲೆಫ್ಟ್ ಏಟ್ರಿಯಂ. ಪಠ್ಯಪುಸ್ತಕದಲ್ಲಿ ಓದಿದ್ದೀರಲ್ಲ, ಎಡ ಹೃತ್ಕರ್ಣ, ಅದೇ.

[ಅನಿಮೇಷನ್: ಶ್ವಾಸಕೋಶದಿಂದ ಮೇಲಿನ ಎಡ ಕೋಣೆಗೆ, ಅಲ್ಲಿಂದ ಕೆಳಕ್ಕೆ ಹರಿಯುವ ರಕ್ತ]

ಶ್ವಾಸಕೋಶದಿಂದ ಬಂದ ರಕ್ತ ಮೊದಲು ಸೇರುವುದು ಇಲ್ಲಿಗೆ. ಮೈಟ್ರಲ್ ವಾಲ್ವ್ ತೆರೆದಾಗ ಕೆಳಗಿನ ಕೋಣೆಗೆ ಇಳಿಯುತ್ತದೆ. ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ದರೆ ಆ ಕೆಳಗಿನ ಕೋಣೆಯ ಗೋಡೆ ದಪ್ಪವಾಗಿ ಬಿಗಿಯಾಗುತ್ತದೆ. ಸಲೀಸಾಗಿ ರಕ್ತ ತುಂಬಿಕೊಳ್ಳುವುದಿಲ್ಲ. ಒತ್ತಡ ಮೇಲಕ್ಕೆ ಬೀಳುತ್ತದೆ. ಮೇಲಿನ ಕೋಣೆಯ ಗೋಡೆ ತೆಳ್ಳಗೆ, ಹಾಗಾಗಿ ಹಿಗ್ಗುತ್ತಾ ಹೋಗುತ್ತದೆ. ವಾಲ್ವ್ ಕಿರಿದಾದರೂ, ಸೋರುತ್ತಿದ್ದರೂ ಕೊನೆಗೆ ಆಗುವುದು ಇದೇ.

ಈಗ ಇಎಫ್ ವಿಷಯಕ್ಕೆ ಬನ್ನಿ. ಇಎಫ್ ಹೇಳುವುದು ಹೃದಯ ಎಷ್ಟು ಚೆನ್ನಾಗಿ ಹಿಂಡುತ್ತದೆ ಅಂತ ಮಾತ್ರ. ತುಂಬಿಕೊಳ್ಳುವ ಕಷ್ಟ ಅದರಲ್ಲಿ ಕಾಣುವುದಿಲ್ಲ. ಇಎಫ್ 60 ಇದ್ದೂ ಮೆಟ್ಟಿಲು ಹತ್ತುವಾಗ ಏದುಸಿರು ಬರುವವರಿದ್ದಾರೆ. ಶುಗರ್‌ಗೆ ಮೂರು ತಿಂಗಳ ಸರಾಸರಿ ಟೆಸ್ಟ್ ಇದೆಯಲ್ಲ, ಮೇಲಿನ ಎಡ ಕೋಣೆಯ ಅಳತೆ ಸುಮಾರಾಗಿ ಹಾಗೆ. ಇವತ್ತು ಬಿಪಿ 120/80 ಬಂದಿರಬಹುದು, ಹಿಂದಿನ ವರ್ಷಗಳ ಲೆಕ್ಕ ಇಲ್ಲಿ ಸಿಗುತ್ತದೆ.

[ಪರದೆ ಮೇಲೆ: ಅಗಲ – ಗಂಡಸರಿಗೆ 4.0, ಹೆಂಗಸರಿಗೆ 3.8 ಸೆಂ.ಮೀ. ವರೆಗೆ ಸಾಮಾನ್ಯ]

ಅಗಲ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಕೋಣೆ ಉದ್ದಕ್ಕೆ ಹಿಗ್ಗಿದ್ದರೆ ಅದು ತಪ್ಪಿಹೋಗುತ್ತದೆ. ಮೈಯ ಗಾತ್ರಕ್ಕೆ ಹೊಂದಿಸಿ ಲೆಕ್ಕ ಹಾಕಿದ ‘ಎಲ್‌ಎ ವಾಲ್ಯೂಮ್ ಇಂಡೆಕ್ಸ್’ ಹೆಚ್ಚು ನಂಬಬಹುದಾದದ್ದು. ಅದು 34 (ಮಿ.ಲೀ./ಚ.ಮೀ.) ದಾಟಿದರೆ ಕೋಣೆ ದೊಡ್ಡದಾಗಿದೆ ಅಂತ. ವರ್ಷಗಳಿಂದ ದೂರ ಓಡುವ ಕ್ರೀಡಾಪಟುಗಳಲ್ಲಿ ಕಾಯಿಲೆ ಇಲ್ಲದೆಯೂ ಹೀಗಾಗುತ್ತದೆ.

ನಿಜವಾಗಿ ಚಿಂತೆ ಮಾಡಬೇಕಾದದ್ದು ಬಡಿತ ತಪ್ಪುವುದರ ಬಗ್ಗೆ. ಹಿಗ್ಗಿದ ಗೋಡೆಯಲ್ಲಿ ವಿದ್ಯುತ್ ಸಂಕೇತ ದಾರಿ ತಪ್ಪುತ್ತದೆ. ಕೋಣೆ ಸರಿಯಾಗಿ ಬಡಿಯುವ ಬದಲು ಅದುರತೊಡಗುತ್ತದೆ. ಇದೇ ಏಟ್ರಿಯಲ್ ಫಿಬ್ರಿಲೇಷನ್. (ತಮಾಷೆ ಅಂದರೆ, ಇದು ಶುರುವಾದ ಮೇಲೆ ಕೋಣೆ ಇನ್ನಷ್ಟು ಹಿಗ್ಗುತ್ತದೆ.) ಕೋಣೆಯ ಪಕ್ಕದ ಪುಟ್ಟ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಸ್ಟ್ರೋಕ್. ಹಾಗಾಗಿ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ನೋಡಿಕೊಳ್ಳಿ. ಬಡಿತಕ್ಕೆ ಲಯವೇ ಇಲ್ಲ ಅನ್ನಿಸಿದರೆ ಇಸಿಜಿ ಮಾಡಿಸಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಕೋಣೆಯನ್ನು ಚಿಕ್ಕದು ಮಾಡಲೆಂದೇ ಮಾತ್ರೆ ಇಲ್ಲ. ಬಿಪಿಯೋ ವಾಲ್ವೋ, ಕಾರಣಕ್ಕೇ ಚಿಕಿತ್ಸೆ. ಕಾರಣ ಹತೋಟಿಗೆ ಬಂದರೆ ಕೆಲವರಲ್ಲಿ ಅದು ಕುಗ್ಗುತ್ತದೆ, ಎಲ್ಲರಲ್ಲೂ ಅಲ್ಲ. ಡಾಕ್ಟರ ಹತ್ತಿರ ಹೋಗುವಾಗ ಹಳೆಯ ಎಕೋ ರಿಪೋರ್ಟುಗಳನ್ನೂ ಒಯ್ಯಿರಿ. ಅಳತೆ ನಿಂತಿದೆಯೋ ಬೆಳೆಯುತ್ತಿದೆಯೋ ಅಂತ ಅವರು ನೋಡಲಿ.